ರಬ್ಬರು ಹಿಡಿದವನ ಪಕ್ಷ

ಮುಳಗುಂದ ನಾಕಾದ ಹತ್ತಿರ ನನ್ನದೊಂದು ಬಾಡಿಗಿ ಲೈಬ್ರರಿ,
ಸೈಕಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವ.
ಇಲ್ಲಿ ಪುಸ್ತಕದ ಮ್ಯಾಲೆ ಕೂಡೂದು ಧೂಳಲ್ಲ, ಜೋಳದ ಹಿಟ್ಟು.
ದಿನಕ್ಕ ಎಂಟಾಣೆ. ಹಾಳಿ ಹರದರ ಐದು ರೂಪಾಯಿ.
ಬೋರ್ಡ್ ನಾನ ಬರದೀನಿ: ಪುಸ್ತಕದಾಗ ಗೀಚಬಾರದು.

ಬೋರ್ಡ್ ಯಾರು ಓದತಾರ?
'ಬೂದಿಗಡಲು' ಬಂದ ಮ್ಯಾಲಂತೂ ಊರಿಗೇ ಹುಚ್ಚು.
ಐದು ಭಾಗ, ವರ್ಷಕ್ಕೊಂದು.
ರಾಣಿ ಉಲ್ಕೆ ಯಾರ ಕೈ ಹಿಡೀಬೇಕು ಅನ್ನೋದನ್ನ
ಗದಗ, ಬೆಟಗೇರಿ ಎರಡೂ ಕೂಡಿ ತಲಿಗೆ ಹಚಗೊಂಡಿದ್ವು.

ರೆಕ್ಕಿ ಕುದರಿ ಏರೋ ಶರಭಸೇನಗ ಕೊಡ್ರಿ ಅಂತ
ಪಾಲಿಟೆಕ್ನಿಕ್ ಹುಡುಗರು, ದಪ್ಪ ಅಕ್ಷರದಾಗ.
ಬ್ಯಾಡ, ನೆರಳು ಮಾರಿಕೊಂಡ ಇಂಗಳಗ ಕೊಡ್ರಿ,
ಪಾಪ, ಅಂವಗ ಯಾರದಾರ?
ಇದು ಮಗ್ಗದ ಓಣಿ ಅಂಬಕ್ಕಂದು,
ಪುಟದ ತುದೀಗೆ ಅರಿಷಿಣದ ಬೆರಳು ಮೂಡೇತಿ.
ರಿಟೈರಾದ ಮಾಸ್ತರೊಬ್ಬರು ಕೆಂಪು ಶಾಯಿಲೆ
'ರಾಣಿಗೆ ರಾಜ್ಯಭಾರ ಸಾಕು' ಅಂತ ಬರದು,
ಹುಡುಗರ ಕಾಗುಣಿತ ತಿದ್ದಿ, ಮಾರ್ಕ್ಸೂ ಕೊಟ್ಟಾರ:
ಹತ್ತಕ್ಕ ನಾಕು.

ಅಮಾಸಿ ದಿನ ಅಂಗಡಿ ಅರ್ಧ ಮುಚ್ಚಿ
ಕೂತು ಅಳಸತೀನಿ.
ಪೆನ್ಸಿಲ್ಲಾದರ ರಬ್ಬರು, ಶಾಯಿ ಆದರ ಬ್ಲೇಡು.

ಎರಡನೇ ಭಾಗ, ನೂರಾ ಹನ್ನೊಂದನೇ ಪುಟ, ದೋಣಿ ಮುಳುಗೋ ಜಾಗಾ.
ಹಸಿರು ಶಾಯಿ:
'ಶರಭಸೇನ ಬಂದಾ ಖರೆ, ತಡಾ ಮಾಡಿ ಬಂದಾ.'
ಅದರ ಕೆಳಗ ಪೆನ್ಸಿಲ್, ಸಣ್ಣಗ:
'ತಡಾ ಆದ್ರೂ ಬಂದನಲ್ಲ. ಎಷ್ಟು ಮಂದಿ ಬರತಾರ?'
ಮತ್ತ ಹಸಿರು, ಇನ್ನೊಮ್ಮೆ ಒಯ್ದಾಗ:
'ಇಂಗಳ ಎಲ್ಲೂ ಹೋಗೇ ಇರಲಿಲ್ಲ. ನೆರಳಿಲ್ಲಂತ ಕಾಣಲಿಲ್ಲ.'
ಎರಡು ತಿಂಗಳ ಮ್ಯಾಲೆ ಪೆನ್ಸಿಲ್, ಒಂದ ಶಬ್ದ:
'ಹೌದಲ್ಲ.'
ಬ್ಲೇಡಿಗೆ ಹಾಕಿದ ಕೈ ಹಿಂದಕ್ಕ ತಗೊಂಡೆ.

ರಜಿಸ್ಟರ್ ನನ್ನ ಹತ್ತಿರ ಐತಿ. ಇಬ್ಬರೂ ಗೊತ್ತು.
ಹಸಿರು, ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್ ಮಹಾರುದ್ರ ಕೋಟುಮಚಗಿ.
ಪೆನ್ಸಿಲ್, ಮಿಷನ್ ದವಾಖಾನಿ ರಾತ್ರಿ ಪಾಳಿಯ ಸುಗುಣಾ ಸಮುವೇಲ.
ರಾಣಿ ಯಾರನ್ನರೆ ಕಟಗೊಳ್ಳಲಿ,
ನನ್ನ ಪಕ್ಷ ಅವತ್ತ ಬ್ಯಾರೆ ಆತು.

ಮೂರನೇ ಭಾಗಕ್ಕ ಆರು ಮಂದಿ ಪಾಳಿ ಹಚ್ಚಿದ್ರು.
ಕಳ್ಳತನ ಮಾಡಿದೆ. ಆಕಿ ತಂದ ಸಂಜೀಕ ಅಂವಗ,
ಅಂವ ತಂದ ಮುಂಜಾನೆ ಆಕಿಗೆ.
ಪಾಲಿಟೆಕ್ನಿಕ್ ಹುಡುಗರು ಬಾಯಿಗೆ ಬಂದಂಗ ಬೈದು ಹೋದ್ರು.

ಒಂದಿನ ಇಬ್ಬರೂ ಒಂದ ಹೊತ್ತಿಗೆ ಬಂದ್ರು.
ಕರೆಂಟ್ ಹೋಗಿ ಗಿರಣಿ ನಿಂತಿತ್ತು,
ಓಣಿಗೆ ಓಣಿನ ಉಸಿರು ಹಿಡದಂಗ.
ನನ್ನ ನಾಲಿಗಿ ತುದೀಗೆ ಎರಡು ಹೆಸರು.
ಅಂವ ಅಂದ, 'ಸ್ವಲ್ಪ ಸರೀತೀರೇನ್ರಿ, ಸಹಿ ಮಾಡಬೇಕು.'
ಆಕಿ ಸರದ್ಲು.
ಸಹಿ ನೀಲಿ. ಹಾಳಾದ್ದು ಆ ಪೆನ್ನು ನಂದು,
ಯಾರೂ ಒಯ್ಯಬಾರದಂತ
ದಾರ ಕಟ್ಟಿ ಟೇಬಲ್ಲಿಗೆ ನಾನ ಬಿಗದಿದ್ದು.

ಐದನೇ ಭಾಗದಾಗ ರಾಣಿ ಯಾರ ಕೈನೂ ಹಿಡೀಲಿಲ್ಲ,
ಬೂದಿ ಆರಿ ಕಡಲು ನೀರಾಗೂದು ನೋಡಕೋತ ಕುಂತ್ಲು.
'ನಾ ಹೇಳಿದ್ದೆನಲ್ಲ' ಅಂತ ಮಾಸ್ತರು ಪೇಡೆ ಹಿಡಕೊಂಡು ಬಂದ್ರು.
ಸುಗುಣಾ ಹಾವೇರಿ ದವಾಖಾನಿಗೆ ಹೋದ್ಲು,
ಡಿಪಾಜಿಟ್ ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟೆ.
ಅಂವ ಈಗೂ ಬರತಾನ, ಎರಡನೇ ಭಾಗ ಕೇಳತಾನ,
ನಿಂತಲ್ಲೇ ನೂರಾ ಹನ್ನೊಂದು ತಗದು ನೋಡತಾನ,
ಹಂಗ ಇಟ್ಟು ಹೋಗತಾನ.

ಮೊನ್ನೆ ಅಮಾಸಿಗೆ ಎಲ್ಲಾ ಅಳಸಿದೆ, ಆ ಪುಟ ಬಿಟ್ಟು.
ಕಿವಿ ಮ್ಯಾಲಿನ ಪೆನ್ಸಿಲ್ ತಗದು
ಮೂವತ್ತು ವರ್ಷದಾಗ ಮೊದಲ ಸಲ ನಾನೂ ಗೀಚಿದೆ:
'ಈ ಎರಡು ಕೈಬರಹ ಚೊಲೋ ಕೂಡತಾವ.'

ವಾರದ ಮ್ಯಾಲೆ ಪುಸ್ತಕ ತಿರುಗಿ ಬಂತು.
ನನ್ನ ಸಾಲಿನ ಕೆಳಗ ಯಾರೋ, ಬಾಲ್‌ಪೆನ್ನು, ಒತ್ತಿ ಒತ್ತಿ:
'ಪುಸ್ತಕದಾಗ ಗೀಚಬಾರದು.
ಬೋರ್ಡ್ ಕಾಣೂದಿಲ್ಲೇನು?'