ಕತ್ತಿಗುಡ್ಡೆ

ಚನ್ನರಾಯಪಟ್ಟಣದಿಂದ ಷಡ್ಡಕ ಫೋನು ಮಾಡಿದ.
ತಂಗಿಯ ಮಗಳಿಗೆ ಗಂಡು ನೋಡಿದ್ದಾರಂತೆ,
ಹುಡುಗ ಹಾಲಿನ ಟ್ಯಾಂಕರು ಓಡಿಸುತ್ತಾನೆ, ಕುಡಿಯುವುದಿಲ್ಲ,
ಸ್ವಂತ ಮನೆ. ಎಲ್ಲಾ ಸರಿ,
ಮನೆ ಮಾತ್ರ ಹಾಸನದ ಕತ್ತಿಗುಡ್ಡೆಯಲ್ಲಿ.
"ಹತ್ತೊಂಬತ್ತು ವರ್ಷ ಅಲ್ಲಿ ಮೀಟರು ಓದಿದವನು ನೀನು,
ಹೇಳು ಮಾರಾಯ, ಸುಧಾರಿಸಿದೆಯಾ ಆ ಏರಿಯಾ?"

ನಾನು ಓದಿದ್ದು ಮೀಟರು.
ಬೀದಿ ಓದುವ ಮಿಷನ್ನು ಇಲಾಖೆ ಕೊಟ್ಟಿಲ್ಲ.
ಆದರೂ ನಾಳೆ ಹೇಳ್ತೀನಿ ಅಂದೆ.

ಮೊದಲು ಅದು ಕತ್ತೆಗುಡ್ಡೆ.
ಆಲೂಗಡ್ಡೆಯ ಹಳೇ ಕೋಲ್ಡ್ ಸ್ಟೋರೇಜಿನ ಹಿಂದೆ
ಮಡಿವಾಳರ ಕತ್ತೆಗಳು ಮೇಯುತ್ತಿದ್ದ ದಿಬ್ಬ.
ಎಂಬತ್ತೊಂಬತ್ತೋ ತೊಂಬತ್ತೋ, ಒಂದು ರಾತ್ರಿ
ಇಸ್ಪೀಟಿನ ಜಗಳದಲ್ಲಿ ಒಬ್ಬ ಸತ್ತ.
ಮಾರನೇ ದಿನ ಪೇಪರಿನವರು
ತಕಾರಕ್ಕೆ ಎತ್ವದ ಬದಲು ಗುಡಿಸು ಕೊಟ್ಟರು.
ಅಷ್ಟೇ.
ಆ ಒಂದು ಗುಡಿಸನ್ನು ಇವತ್ತಿನವರೆಗೆ
ಯಾವ ಪೊರಕೆಯೂ ಗುಡಿಸಿ ಹಾಕಿಲ್ಲ.
ಅವನು ಸತ್ತದ್ದು ಸೈಜುಗಲ್ಲಿನ ಏಟಿಗೆ.
ಕತ್ತಿ ಇರಲೇ ಇಲ್ಲ.

ಬೆಳಿಗ್ಗೆ ಹೋದೆ, ಹೇಗೂ ನನ್ನದೇ ಸರದಿ.
ತಿರುವಿನಲ್ಲಿ ಹೊಸ ಕಮಾನು: ಶ್ರೀಗಂಧ ನಗರ.
ಗಂಧದ ಗಿಡ ಒಂದೂ ಇಲ್ಲ. ಕತ್ತೆಯೂ ಇಲ್ಲ ಬಿಡಿ.
ಶ್ರೀಗಂಧ ನಗರ ಅಂದರೆ ಆಟೊದವರಿಗೆ ಗೊತ್ತಾಗುವುದಿಲ್ಲ,
ಕತ್ತಿಗುಡ್ಡೆ ಅಂದರೆ ಅವರು ಬರುವುದಿಲ್ಲ.
ತಪ್ಪಾಯಿತು, ಈಗ ಬರುತ್ತಾರೆ,
ಎಂಟು ಗಂಟೆಯ ಮೇಲೆ ಒಂದೂವರೆ ಕೇಳಿ.

ಮೊದಲೆಲ್ಲ ಒಂದೇ ಕಂಬದಲ್ಲಿ ಹದಿನಾಲ್ಕು ಕಳ್ಳ ಕೊಕ್ಕೆ ಎಣಿಸಿದ್ದೆ.
ಇವತ್ತು ಒಂದು,
ಅದೂ ಕಮಾನಿನ ಸೀರಿಯಲ್ ಸೆಟ್ಟಿನದು,
ವಾರ್ಡಿನ ಸದಸ್ಯರೇ ನಿಂತು ಹಾಕಿಸಿದ್ದು.

ರೋಸಲಿನ್ ಟೀಚರ ಮನೆ ಹದಿನೆಂಟು ಯೂನಿಟ್ಟಿನಿಂದ ಅರವತ್ತಕ್ಕೆ ಏರಿದೆ,
ಫ್ರಿಜ್ಜು ಬಂದಿದೆ ಎಂದು ನನಗೆ ಅವರಿಗಿಂತ ಮೊದಲು ಮೀಟರು ಹೇಳುತ್ತದೆ.
ಅಸ್ಮತ್ ಬೀ ಮನೆಯಲ್ಲಿ ಮೂರು ಹೊಲಿಗೆ ಮಿಷನ್ನು,
ರಾತ್ರಿ ಎರಡರವರೆಗೆ ಬಲ್ಬು.
ಕಾಲು ತುಳಿದು ತುಳಿದು ಊದಿದೆ ಅಂದಾಗ ಮೋಟರು ಹಾಕಿಸಿಕೊಳ್ಳಿ ಅಂದೆ,
"ನಿಮ್ಮ ಬಿಲ್ಲು ನೀವೇ ಕಟ್ತೀರಾ?" ಅಂದರು.
ಚೆಲುವಯ್ಯನ ವಠಾರದ ಮೂರನೇ ಮನೆಯ ಮೀಟರು ನಿಂತಿದೆ.
ಸಾಕಮ್ಮ ಬಿಟ್ಟು ಹೋದಳಂತೆ.
ರಸ್ತೆಗೆ ಕಾಂಕ್ರೀಟು ಬಿತ್ತು, ಬಾಡಿಗೆ ಹದಿನೈದು ನೂರಿದ್ದದ್ದು ಐದು ಸಾವಿರವಾಯಿತು.
ರಿಂಗ್ ರೋಡಿನ ಆಚೆ ಶೀಟಿನ ಮನೆಯಲ್ಲಿದ್ದಾಳೆ ಈಗ,
ಆ ಜಾಗದ ಹೆಸರೂ ಆಗಲೇ ಕೆಡುತ್ತಾ ಇದೆ.

ಮೋರಿ ಹಾಗೇ ಇದೆ.
ಮೋರಿಯ ಮೇಲಿನ ಹುಡುಗರೂ, ಅವರ ಜೇಬಿನ ಟ್ಯೂಬುಗಳೂ.
ಇದನ್ನು ಷಡ್ಡಕನಿಗೆ ಹೇಳಬೇಕೋ ಬೇಡವೋ?
ಅವನ ಬೀದಿಯ ಹುಡುಗರ ಜೇಬನ್ನು
ಯಾರಾದರೂ ನೋಡಿದ್ದಾರೆಯೇ?

ಟ್ಯಾಂಕರಿನ ಹುಡುಗನ ಮನೆ ದಿಬ್ಬದ ತುದಿಯಲ್ಲಿ.
ಹತ್ತುವಷ್ಟರಲ್ಲಿ ನನ್ನ ಐವತ್ತಾರರ ಎದೆ ಹಾರುತ್ತಿತ್ತು.
ಅವನ ತಾಯಿ ಚೊಂಬು ನೀರು ತಂದು ಜಗಲಿ ತೋರಿಸಿದರು:
"ಕೂತು ಸುಧಾರಿಸ್ಕೊಳಿ, ಆಮೇಲೆ ಬರ್ಕೊಳಿ."

ಕೂತೆ.
ಕೆಳಗೆ ಇಡೀ ಗುಡ್ಡೆ, ಶೀಟು, ತಾರಸಿ, ನೀಲಿ ಸಿಂಟೆಕ್ಸು,
ಅರ್ಧ ಕಟ್ಟಿ ನಿಲ್ಲಿಸಿದ ಮನೆಗಳ ತಲೆಯ ಮೇಲೆ ತುಕ್ಕು ಕಂಬಿ,
ಅದಕ್ಕೆ ಒಗೆದು ಹರವಿದ ಯೂನಿಫಾರಂ.
ನನ್ನ ಹಾಗೆಯೇ ಏದುಸಿರು ಬಿಡುತ್ತಾ ಅರ್ಧ ದಾರಿಯಲ್ಲಿ ಕೂತ ಹಾಗಿತ್ತು.
ಸುಧಾರಿಸಿದ್ದಲ್ಲ. ಸುಧಾರಿಸಿಕೊಳ್ಳುತ್ತಾ ಇದ್ದದ್ದು.
ಇನ್ನೂ ಹತ್ತುವುದಿದೆ ಎಂದು ಅದಕ್ಕೆ ಗೊತ್ತು.
ಯಾರಾದರೂ ಒಂದು ಚೊಂಬು ಕೊಟ್ಟರೆ ಕುಡಿಯುತ್ತದೆ,
ಕೊಡದಿದ್ದರೆ ಎದ್ದು ಹೋಗುತ್ತದೆ.

ಇದನ್ನು ಫೋನಿನಲ್ಲಿ ಹೇಗೆ ಹೇಳಲಿ ಎಂದುಕೊಳ್ಳುವಾಗ
ಆಯಮ್ಮ ಬಾಗಿಲಿಗೆ ಒರಗಿ, ದನಿ ಇಳಿಸಿ ಕೇಳಿದರು:
"ಸಾರ್, ನಿಮ್ಮ ಕಡೆಯೋರು ಚನ್ನರಾಯಪಟ್ಟಣದಲ್ಲಿ ಇದಾರಂತಲ್ಲ,
ನಮ್ಮುಡುಗನಿಗೆ ಅಲ್ಲಿಂದೊಂದು ಹೆಣ್ಣು ಬಂದದೆ.
ಆ ಬೀದಿ ಹೆಂಗೆ? ಜನ ಪರವಾಗಿಲ್ವಾ?"

ಮಿಷನ್ನು ಕಿರ್ರೆಂದು ಬಿಲ್ಲು ಹೊರಹಾಕಿತು.
ನಾಲ್ಕು ನೂರ ಹನ್ನೆರಡು.
ಹರಿದು ಕೊಟ್ಟು,
ನಾಳೆ ಹೇಳ್ತೀನಮ್ಮ ಅಂದೆ.