ಎಂಟನೇ ಷರತ್ತು

ನಡಾವಳಿ ಬರೆಯುವುದು ನನ್ನ ಕೆಲಸ,
ನಡುವೆ ಬಾಯಿ ಹಾಕುವುದಲ್ಲ.

ತಿತಿಮತಿಯಿಂದ ಜೀಪಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದವು.
ಹಾಡಿಯವರು ನೆಲದಲ್ಲೇ ಕೂತರು.
ಸ್ವಲ್ಪ ಹೊತ್ತಿಗೆ ಕಂಪನಿಯವರೂ ಇಳಿದು ಕೂತರು,
ಪ್ಯಾಂಟು ಮೊಣಕಾಲಲ್ಲಿ ಬಿಗಿಯುತ್ತಿತ್ತು.
ಅದನ್ನು ಬರೆದುಕೊಳ್ಳಲಿಲ್ಲ.

ಹಾಜರಿ: ಜೆ.ಕೆ. ಬೊಳ್ಳಮ್ಮ, ಜೆ.ಕೆ. ಚುಬ್ರು, ಜೆ.ಕೆ. ಕೆಂಚಿ...
ಎಲ್ಲರಿಗೂ ಒಂದೇ ಇನಿಷಿಯಲ್.
ಜೇನು ಕುರುಬರನ್ನು ಎರಡಕ್ಷರಕ್ಕೆ ಇಳಿಸಿದ್ದು
ಯಾವ ಕಾಲದ ಮೇಷ್ಟ್ರೋ.

ಮ್ಯಾನೇಜರ್ ಮಂದಪ್ಪ ಏಳು ಷರತ್ತು ಓದಿದರು:
ಟನ್ನಿಗೆ ಇಷ್ಟು, ಮನೆಗೊಂದು ಕೆಲಸ,
ಅಂಗನವಾಡಿಗೆ ತಗಡು, ಗುಂಡಿಗೆ ಬೇಲಿ,
ಪಡುವಣ ಮುಖ ಮುಟ್ಟುವುದಿಲ್ಲ.
ನಿಧಾನವಾಗಿಯೇ ಓದಿದರು. ಕೆಟ್ಟವರಲ್ಲ.
ಅವರ ಬೆನ್ನ ಹಿಂದೆ ಬಂಡೆ, ಅರ್ಧ ಆಕಾಶದಷ್ಟು;
ಅದರ ಎದೆಯಲ್ಲಿ ಹೋದ ವರ್ಷದ ಮೇಣದ ಕಲೆ.

ಮಂದಪ್ಪ ‘ಹೇಳಿದರು’ ಎಂದು ಬರೆದವನು
ಬೊಳ್ಳಮ್ಮ ‘ಕೇಳಿದಳು’ ಎಂದು ಬರೆದಿದ್ದೆ.
ಹೊಡೆದು, ‘ಕೇಳಿದರು’ ಮಾಡಿ,
ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ, ನಿಯಮದಂತೆ.

ಕೇಳಿದ್ದು ಇದು:
“ಕಲ್ಲು ತೂಗುವ ಕಲ್ಲು ಯಾರ ಕೈಲಿರ್ತದೆ?”

ಯಾರೋ ನಕ್ಕರು. ಬೊಳ್ಳಮ್ಮ ನಗಲಿಲ್ಲ.
ಸೊಸೈಟಿಗೆ ನಲವತ್ತು ವರ್ಷ ತುಪ್ಪ ಹೊತ್ತವರು,
ಜೇನಿನ ಮುಳ್ಳಿಗಿಂತ ತಕ್ಕಡಿ ಮುಳ್ಳು
ಆಳಕ್ಕೆ ಇಳಿಯುತ್ತದೆಂದು ಬಲ್ಲವರು.

ಲಾರಿ ತೂಗುವ ಗೇಟಿನಲ್ಲಿ ಚುಬ್ರುವಿನ ಮಗಳು ಕೂರಬೇಕು,
ಹತ್ತನೇ ಪಾಸು. ಚೀಟಿ ಗಟ್ಟಿಯಾಗಿ ಓದಬೇಕು.
ಸಂಬಳ ಕಂಪನಿಯದು, ಪುಸ್ತಕ ಹಾಡಿಯದು.
ಮಂದಪ್ಪ ಫೋನು ಹಿಡಿದು, ಸಿಗ್ನಲ್ ಹುಡುಕುತ್ತ
ಗದ್ದೆಯ ಏರಿವರೆಗೂ ಹೋದರು.
ಬಂದು, ಆಗಲಿ ಎಂದರು.

ಆಮೇಲೆ ಎಂಟನೆಯದು.
ಬಂಡೆಯಲ್ಲಿ ಹೆಜ್ಜೇನು ಕೂತಿರುವಷ್ಟು ದಿನ
ಮದ್ದು ಸಿಡಿಸಕೂಡದು.

“ಯಾವ ತಾರೀಖಿಂದ? ಹೇಳಿ, ಬರೆಸೋಣ.”
“ಅದಕ್ಕೆ ತಾರೀಖು ಗೊತ್ತಿಲ್ಲ.”
“ಮಾರ್ಚಾ?”
“ಒಂದೊಂದು ವರ್ಷ.”
“ಮತ್ತೆ ಕಂಪನಿಗೆ ತಿಳಿಯೋದು ಹೇಗೆ?”
“ಬಂದಾಗ ಬಂದು ಹೇಳ್ತೇವೆ.”

ಒಪ್ಪಂದ ಅಲ್ಲೇ ನಿಂತಿದೆ.
ಮೂರು ಸಭೆಯಾಯಿತು. ‘೮’ ಎಂದು ಬರೆದು
ಎರಡು ಗೆರೆ ಖಾಲಿ ಬಿಟ್ಟಿದ್ದೇನೆ.
ಹೆಬ್ಬೆಟ್ಟಿನ ಪ್ಯಾಡು ನನ್ನ ಚೀಲದಲ್ಲಿ ಒಣಗುತ್ತದೆ,
ಆಗಾಗ ನೀರು ಹನಿಸುತ್ತೇನೆ.

ನಿನ್ನೆ ಮಂದಪ್ಪ ಒಬ್ಬರೇ ಬೈಕಿನಲ್ಲಿ ಬಂದಿದ್ದರಂತೆ.
ಫೈಲಿಲ್ಲ, ಕುರ್ಚಿಯಿಲ್ಲ.
ಬಂಡೆಯ ಬುಡದಲ್ಲಿ ಹೆಲ್ಮೆಟ್ ಕಂಕುಳಿಗೆ ಸಿಕ್ಕಿಸಿ
ತಲೆಯೆತ್ತಿ ಬಹಳ ಹೊತ್ತು ನಿಂತರಂತೆ.

ಗುಡಿಸಲ ಬಾಗಿಲಿಂದ ಬೊಳ್ಳಮ್ಮ ಕೂಗಿ ಹೇಳಿದರಂತೆ:
“ಇನ್ನೂ ಬಂದಿಲ್ಲ.”