ವ್ಯಂಜನವಿಲ್ಲದ ಊಟ

ನಮ್ಮ ಮಾತಿನಲ್ಲಿ ರೊಟ್ಟಿಗೆ ಪುರಿ ಅನ್ನುತ್ತೇವೆ, ಕಿವಿಗೆ ಕುರಿ,
ಗಂಟಲಿನ ತಳದಿಂದ ಕಿತ್ತು ತೆಗೆಯಬೇಕು ಆ ಕಕಾರವನ್ನು.
ರುಸ್ತಾವಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕಾದ ಕಂಬಿಗಳ ನಡುವೆ ಕೂಗಾಡಿದ ಜೆಮಾಲ್ ಮಾವನಿಗೆ
ಎರಡೂ ಒಂದೇ. ಮೊದಲಕ್ಷರ ಉದುರಿ
ಉಳಿಯುವುದು ಬರೀ ಉರಿ.

ಇವತ್ತು ಲಮ್ಜೀರಾ ಅತ್ತೆಗೆ ಎಪ್ಪತ್ತು.
ಹಜಾರದಲ್ಲಿ ನಲವತ್ತು ಜನ, ಡೋಲು, ಅಕಾರ್ಡಿಯನ್,
ಗಾಜಿಗೆ ಗಾಜು, ತಟ್ಟೆಗೆ ಚಾಕು,
ಮೇಜಿನ ಕೆಳಗೆ ಯಾರದೋ ಮಗು
ಕುರ್ಚಿಯ ಕಾಲಿಗೆ ಚಮಚ ಬಾರಿಸುತ್ತಿದೆ.
ಮಾವನೇ ತಮಾದಾ, ಗೋಷ್ಠಿಯ ಯಜಮಾನ.
ಹೇಳುವ ಕೆಲಸ, ಕೇಳುವುದಲ್ಲ;
ಅದಕ್ಕೇ ಒಪ್ಪಿಕೊಂಡ ಅಂತ ನನ್ನ ಗುಮಾನಿ.
ಯಾರು ಏನಂದರೂ ಅವನ ತಟ್ಟೆಗೆ ಬೀಳುವುದು ಸ್ವರ ಮಾತ್ರ,
ಆ, ಈ, ಓ, ಮೆತ್ತಗೆ, ದುಂಡಗೆ.
ವ್ಯಂಜನವಿಲ್ಲದ ಊಟ.
ಅದನ್ನೇ ಅಗಿದು ತಲೆದೂಗಿ ನಗುತ್ತಾನೆ,
ಎಲ್ಲರೂ ನಕ್ಕ ಮೇಲೆ, ಅರೆಗಳಿಗೆ ತಡವಾಗಿ.

ನಾನು ಕಿವಿ ಪರೀಕ್ಷಿಸುವವಳು. ರಜೆಯಲ್ಲೂ ಎಣಿಸುತ್ತೇನೆ
ಯಾರು ತಡವಾಗಿ ನಗುತ್ತಾರೆಂದು.

ನಾನೂಲಿ ಬೇಗ ಬಂದು ಮೂಲೆ ಹಿಡಿದಿದ್ದಾಳೆ,
ಆರನೇ ವಯಸ್ಸಲ್ಲಿ ಮಂಗನಬಾವು ತಿಂದ ಬಲಗಿವಿಯನ್ನು
ಗೋಡೆಗೆ ಕೊಟ್ಟು. ಲೆಕ್ಕ ಸರಿಯೇ ಇತ್ತು,
ಡೋಲಿನವನು ಅವಳ ಎಡಕ್ಕೆ ಬಂದು ಕೂರುವವರೆಗೆ.

ಇಯಾಸೆಗೆ ಹತ್ತೊಂಬತ್ತು. ನನ್ನ ಡಬ್ಬಿಯಂಥ ಕೋಣೆಯಲ್ಲಿ
ಸೂಜಿ ಬಿದ್ದಷ್ಟು ಸದ್ದಿಗೂ ಗುಂಡಿ ಒತ್ತಿದ ಹುಡುಗ.
ಕಿವಿ ಸರಿಯಿದೆ, ಗಮನ ಇಲ್ಲ ಅಂದರು ಶಾಲೆಯಲ್ಲಿ.
ಮೊದಲ ಸಲ ನಾನೂ ಅಂದೆ.
ಸದ್ದು ಒಳಗೆ ಹೋಗುತ್ತದೆ, ನರದ ದಾರಿಯಲ್ಲಿ ಹೆಜ್ಜೆ ತಪ್ಪುತ್ತದೆ;
ಒದ್ದೆ ಕಾಗದದ ಶಾಯಿಯ ಹಾಗೆ
ಒಂದು ಮಾತು ಪಕ್ಕದ ಮಾತಿಗೆ ಸೋರುತ್ತದೆ.
ಅಕ್ಷರ ಇದೆ, ಓದಲಾಗದು.

ಮಾವ ಕೊಂಬು ಎತ್ತಿ, ತೀರಿಹೋದವರಿಗೆ ನಾಲ್ಕು ಮಾತಾಡಿ
'ಅಲಾವೆರ್ದಿ, ಇಯಾಸೆ!' ಅಂದ: ಮುಂದಿನದು ನಿನ್ನದು.
ಹುಡುಗ ಎದ್ದ. ಯಾರಿಗಾಗಿ ಅಂತ ತಿಳಿಯದೆ
'ಅವರು ನೂರು ವರ್ಷ ಬಾಳಲಿ' ಅಂದ.
ಹಜಾರವೆಲ್ಲ ನಕ್ಕಿತು.
ಮಾವನೂ ನಕ್ಕ, ತಡವಾಗಿ.

ಅಷ್ಟರಲ್ಲಿ ಕರೆಂಟು ಹೋಯಿತು.
ಡೋಲು ನಿಂತಿತು, ಅಡುಗೆಮನೆಯ ಫ್ಯಾನು ನಿಂತಿತು,
ಕತ್ತಲಿಗೆ ಹೆದರಿದಂತೆ ಎಲ್ಲರ ದನಿ ತಗ್ಗಿತು.
ಇನ್ನು ಸಲೀಸು ಅಂದುಕೊಂಡೆ, ಓದಿದ ಮೂಢಳು.
'ಯಾಕೆ ಪಿಸುಗುಡುತ್ತೀರಿ?' ಲಮ್ಜೀರಾ ಅತ್ತೆ ಸಿಡುಕಿದಳು,
'ಇಷ್ಟು ಹೊತ್ತು ಚೆನ್ನಾಗಿ ಕೇಳುತ್ತಿತ್ತಲ್ಲ!'
ಅವಳ ಕಿವಿಯ ಪುಟ್ಟ ಎಲುಬು ಕಲ್ಲುಗಟ್ಟಿದೆ.
ಗದ್ದಲ ಅವಳವರೆಗೆ ಮುಟ್ಟುವುದೇ ಇಲ್ಲ,
ಗದ್ದಲ ಮೀರಲು ನಾವು ಕೂಗಿದ್ದು ಮುಟ್ಟುತ್ತದೆ.
ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ಅವಳು ರಾಣಿ,
ಮನೆಯ ಸದ್ದಿಲ್ಲದ ಸಂಜೆಗಳಲ್ಲಿ ಕಿವುಡಿ.
ಮಾವನಿಗೆ ತುಟಿಗಳೂ ಹೋದವು ಕತ್ತಲಲ್ಲಿ,
ಉಳಿದದ್ದು ಕಾರ್ಖಾನೆ ಮುಚ್ಚಿದರೂ ಮುಚ್ಚದ ಸಿಳ್ಳೆ.

ಆ ಮೌನದಲ್ಲಿ ಒಬ್ಬ ಇಯಾಸೆಗೆ ಮಾತ್ರ
ಶಾಯಿ ಕೊಂಚ ಒಣಗಿರಬೇಕು.
'ನಾವು ಕುಡಿದದ್ದು ಯಾರಿಗಾಗಿ?' ಅಂತ ಕೇಳಿದ.
ಅಷ್ಟೂ ವರ್ಷಗಳಲ್ಲಿ ಅವನು ಮತ್ತೆ ಕೇಳಿದ್ದು
ನನಗೆ ನೆನಪಿಲ್ಲ.
'ಏನಂದ?' ಮಾವ. 'ಜೋರಾಗಿ!' ಅತ್ತೆ.
'ತೀರಿಹೋದವರಿಗಾಗಿ!' ನಾನೂಲಿ ಕಿರುಚಿದಳು,
ಮೂವರಿಗೂ ಒಟ್ಟಿಗೆ.

ಯಾರೋ ಕಡ್ಡಿ ಗೀರಿದರು.
ಮಾವ ರೊಟ್ಟಿ ಮುರಿದು ಅದರ ಮೇಲೆ
ಒಂದು ಹನಿ ವೈನು ಬಿಡುತ್ತಿದ್ದ, ಸತ್ತವರ ಪಾಲು.
ಕೇಳಿಸಿತ್ತು ಅಂತಲ್ಲ. ತಾನೇ ಎತ್ತಿದ ಮಾತು,
ನೆನಪಿತ್ತು.